ಅಜ್ಞಾತ ಕಾಲಮ್‌ಗಳ ಟೈಪ್ ನಿರ್ಣಯ: ಹ್ಯಾಸ್ಕೆಲ್‌ನಲ್ಲಿ ಮರುಬರಹದ ಪರೀಕ್ಷೆ

ಸಿಎಸ್‌ವಿ ಕಡತದಲ್ಲಿರುವುದೆಲ್ಲ ಬರೀ ಅಕ್ಷರಗಳು. 2005ರ ಆರ್‌ಎಫ್‌ಸಿ 4180 ಅಲ್ಪವಿರಾಮ, ಉದ್ಧರಣ ಚಿಹ್ನೆಗಳ ನಿಯಮ ಹೇಳುತ್ತದೆಯೇ ಹೊರತು ಯಾವ ಕಾಲಮ್ ಸಂಖ್ಯೆ, ಯಾವುದು ಪಠ್ಯ ಎಂದು ತಿಳಿಸುವುದಿಲ್ಲ. ಹ್ಯಾಸ್ಕೆಲ್‌ನಲ್ಲಾದರೋ ಪ್ರತಿ ಮೌಲ್ಯದ ಟೈಪ್ ಪ್ರೋಗ್ರಾಂ ಓಡುವ ಮೊದಲೇ ನಿಗದಿಯಾಗಿರಬೇಕು. ಕಡತ ಕೈಸೇರುವುದು ಆಮೇಲೆ. ಈ ಕಂದರವನ್ನು ದತ್ತಾಂಶಕ್ಕೆ ಹಾನಿಯಾಗದಂತೆ ದಾಟುವ ಬಗೆಯನ್ನು ಇಲ್ಲಿ ಪರಿಶೀಲಿಸಿದೆ.

2012ರಲ್ಲಿ ಬಂದ ಎಫ್ ಶಾರ್ಪ್ 3.0ರ ಟೈಪ್ ಪ್ರೊವೈಡರ್‌ಗಳ ಮೂಲಕವಾಗಲಿ, ಹ್ಯಾಸ್ಕೆಲ್‌ನ ಫ್ರೇಮ್ಸ್ ಲೈಬ್ರರಿಯ ಮೂಲಕವಾಗಲಿ, ಮಾದರಿ ಕಡತವೊಂದನ್ನು ಕಂಪೈಲ್ ಆಗುವಾಗಲೇ ಓದಿ ಟೈಪ್‌ಗಳನ್ನು ಊಹಿಸಬಹುದು. ಮಾದರಿ ಮೊದಲೇ ಸಿಗದಿದ್ದರೆ ಆ ದಾರಿಯಿಲ್ಲ. ಆಗ ಮೂರು ಕನ್‌ಸ್ಟ್ರಕ್ಟರ್‌ಗಳ ಒಂದು ಟೈಪ್ ಸಾಕು: ಪೂರ್ಣಾಂಕಗಳ ಕಾಲಮ್, ದಶಮಾಂಶಗಳ ಕಾಲಮ್, ಪಠ್ಯದ ಕಾಲಮ್. ‘ಗೊತ್ತಿಲ್ಲ’ ಎಂಬುದು ‘ಈ ಮೂರರಲ್ಲೊಂದು’ ಎಂದಾಗುತ್ತದೆ. ಕಾಲಮ್ಮನ್ನು ಬಳಸುವಾಗ ಮೂರರಲ್ಲಿ ಒಂದನ್ನು ಮರೆತರೂ ಕಂಪೈಲರ್ ಎಚ್ಚರಿಸಬಲ್ಲದು.

ನಿರ್ಣಯದ ಘಟಕ ಕೋಶವಲ್ಲ, ಇಡೀ ಕಾಲಮ್. ‘ಟ್ರಾವರ್ಸ್ ರೀಡ್‌ಮೇಬಿ’ ಎಂದು ಬರೆದರೆ ಪ್ರತಿ ಕೋಶವನ್ನೂ ಒಂದು ಟೈಪ್ ಆಗಿ ಓದುವ ಯತ್ನ ನಡೆಯುತ್ತದೆ, ಒಂದೇ ಒಂದು ಕೋಶ ಸೋತರೂ ಕಾಲಮ್ಮೇ ಸೋಲುತ್ತದೆ. ಸರದಿ ಮುಂದಿನ ಟೈಪ್‌ಗೆ ಹೋಗುತ್ತದೆ. ಕೊನೆಯಲ್ಲಿ ನಿಂತ ಪಠ್ಯ ಎಂದೂ ಸೋಲದು. ಆದರೆ ಕೊನೆಯ ಸಾಲನ್ನು ನೋಡುವವರೆಗೂ ಕಾಲಮ್ ನೆನಪಿನಲ್ಲಿ ಉಳಿಯಬೇಕು. ಇದು ತೆರಬೇಕಾದ ಬೆಲೆ.

ಇಷ್ಟೇ ಸಾಲದು. ಬೆಂಗಳೂರು, ಮೈಸೂರು, ಮಂಗಳೂರುಗಳ ಎಸ್‌ಟಿಡಿ ಕೋಡ್‌ಗಳ ಕಾಲಮ್ ನೋಡೋಣ: 080, 0821, 0824. ಮೂರೂ ಪೂರ್ಣಾಂಕವಾಗಿ ಗೆಲ್ಲುತ್ತವೆ, 80, 821, 824 ಆಗುತ್ತವೆ. ಮೊದಲಿನ ಸೊನ್ನೆ ಸದ್ದಿಲ್ಲದೆ ಅಳಿಯಿತು. ಆದ್ದರಿಂದ ನನ್ನ ಪ್ರತಿಪಾದನೆ ಇದು: ಓದಿದ ಮೌಲ್ಯವನ್ನು ಮತ್ತೆ ಬರೆದಾಗ ಮೂಲದ ಅಕ್ಷರಗಳೇ ಬರಬೇಕು, ಬಾರದಿದ್ದರೆ ಆ ಟೈಪ್ ತಿರಸ್ಕೃತ. 80 ಎಂಬುದು 080 ಅಲ್ಲ. ಕಾಲಮ್ ಪಠ್ಯವಾಗಿಯೇ ಉಳಿಯುತ್ತದೆ. ಇಂಥ ಪರೀಕ್ಷೆಯಿಲ್ಲದ ಊಹೆ ದುಬಾರಿ. ‘ಸೆಪ್ಟ್2’ರಂಥ ಜೀನ್ ಹೆಸರುಗಳನ್ನು ಎಕ್ಸೆಲ್ ದಿನಾಂಕವಾಗಿಸುತ್ತಿತ್ತು, ಕಡೆಗೆ ಹೆಸರನ್ನೇ ‘ಸೆಪ್ಟಿನ್2’ ಎಂದು ಬದಲಿಸಬೇಕಾಯಿತು. ಮಾನವ ಜೀನ್ ನಾಮಕರಣ ಸಮಿತಿಯ 2020ರ ಮಾರ್ಗಸೂಚಿಯಲ್ಲಿ ಇದು ದಾಖಲಾಗಿದೆ.

ದಶಮಾಂಶಗಳಿಗೆ ಈ ಪರೀಕ್ಷೆ ಬಿಗಿಯಾಗುತ್ತದೆ: 2.50 ಎಂಬುದು ಫ್ಲೋಟ್ ಆದರೆ 2.5 ಎಂದು ಹಿಂದಿರುಗುತ್ತದೆ. 250 ಮತ್ತು 2 ಎಂಬ ಎರಡು ಪೂರ್ಣಾಂಕಗಳಾಗಿ, ಅಂದರೆ ಅಂಕಿಗಳನ್ನೂ ಬಿಂದುವಿನ ಸ್ಥಾನವನ್ನೂ ಬೇರೆಬೇರೆಯಾಗಿ ಇಟ್ಟರೆ ತೊಡಕು ನೀಗುತ್ತದೆ.

ಪರೀಕ್ಷೆಗೆ ಮಿತಿಯೂ ಇದೆ. 560001 ಎಂಬ ಪಿನ್‌ಕೋಡ್ ಪೂರ್ಣಾಂಕವಾಗಿ ತೇರ್ಗಡೆಯಾಗುತ್ತದೆ, ಆದರೂ ಪಿನ್‌ಕೋಡ್‌ಗಳ ಸರಾಸರಿಗೆ ಅರ್ಥವಿಲ್ಲ. ಮರುಬರಹದ ಪರೀಕ್ಷೆ ನಷ್ಟವನ್ನು ತಡೆಯಬಲ್ಲದು, ಅರ್ಥವನ್ನು ಕೊಡಲಾರದು. ಅರ್ಥ ಬಲ್ಲವರು ಟೈಪನ್ನು ತಾವೇ ಸೂಚಿಸಲು ಅವಕಾಶವಿರಬೇಕು. ಅವರು ಬರುವವರೆಗೆ ಮೂಲದ ಒಂದಕ್ಷರವೂ ಕಳೆಯದಂತೆ ಕಾಯುವುದು ಪಾರ್ಸರ್‌ನ ಹೊಣೆ.