ಹಳೇ ಕಾರಿಗೆ ಇನ್ಶೂರೆನ್ಸ್ ಕಂಪನಿ ‘ಟೋಟಲ್ ಲಾಸ್’ ಅಂದ್ರೆ ಏನು ಮಾಡಬೇಕು? ಸಹಿ ಹಾಕೋ ಮುಂಚೆ ಓದಿ

ಮಳೆಗಾಲ ಬಂತು ಅಂದ್ರೆ ಮಲೆನಾಡಿನ ಗ್ಯಾರೇಜ್‌ಗಳ ಮುಂದೆ ಜಖಂ ಆದ ಗಾಡಿಗಳ ಸಾಲು ಬೆಳೆಯುತ್ತೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಜಾರಿದ್ದು, ತೋಟದ ರಸ್ತೆಯಲ್ಲಿ ಸಿಲ್ವರ್ ಮರ ಬಿದ್ದು ಟಾಪ್ ಕುಸಿದದ್ದು, ಹೆಬ್ಬಾಳೆ ಸೇತುವೆ ಕಡೆ ನೀರಿಗೆ ಸಿಕ್ಕಿದ್ದು, ಹೀಗೆ. ಹೊಸ ಗಾಡಿಯಾದರೆ ರಿಪೇರಿ ಆಗಿ ಬರುತ್ತೆ. ಹತ್ತು ಹನ್ನೆರಡು ವರ್ಷದ ಗಾಡಿಯಾದರೆ ಮಾತ್ರ ಕಂಪನಿಯಿಂದ ಫೋನ್ ಬರುತ್ತೆ: "ಸರ್, ನಿಮ್ಮ ಗಾಡಿ ಟೋಟಲ್ ಲಾಸ್, ಕನ್ಸೆಂಟ್ ಲೆಟರ್‌ಗೆ ಸಹಿ ಹಾಕಿ ಕಳಿಸಿ."

ಅಂಗಡಿಗೆ ಸಾಮಾನು ತರೋದು, ಮಕ್ಕಳನ್ನ ಮೂಡಿಗೆರೆಗೆ ಬಿಡೋದು, ಕಾಫಿ ಕೊಯ್ಲಿನ ಟೈಮಲ್ಲಿ ಆಳುಗಳನ್ನ ಕರ್ಕೊಂಡು ಬರೋದು, ಎಲ್ಲಾ ಅದೇ ಒಂದು ಗಾಡಿಯಲ್ಲಿ ನಡೀತಿರುತ್ತೆ. ಕಂಪನಿ ಕೊಡೋ ದುಡ್ಡಿಗೆ ಅಂಥ ಇನ್ನೊಂದು ಗಾಡಿ ಸಿಗೋದಿಲ್ಲ. ಸಿಟ್ಟು ಬರೋದು ಸಹಜವೇ. ಆದ್ರೆ ಸಿಟ್ಟಿಗಿಂತ ಮೊದಲು ಲೆಕ್ಕ ಹಾಕಬೇಕು.

ಮೊದಲು ಪಾಲಿಸಿ ತೆಗೆದು ನೋಡಿ

ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಗಾಡಿಯ ಡ್ಯಾಮೇಜಿಗೆ ಒಂದು ರೂಪಾಯಿಯೂ ಬರೋದಿಲ್ಲ, ಈ ಲೇಖನವೂ ನಿಮಗೆ ಉಪಯೋಗಕ್ಕೆ ಬರಲ್ಲ. ಹಳೇ ಗಾಡಿ ಇಟ್ಟುಕೊಂಡ ಎಷ್ಟೋ ಜನ ಪೊಲೀಸರು ಹಿಡಿಯದೇ ಇದ್ದರೆ ಸಾಕು ಅಂತ ಅದನ್ನೇ ಮಾಡಿಸಿರ್ತಾರೆ. ಓನ್ ಡ್ಯಾಮೇಜ್ ಇರೋ ಪ್ಯಾಕೇಜ್ ಪಾಲಿಸಿಯಾಗಿದ್ದರೆ ಅದರಲ್ಲಿ ‘ಐಡಿವಿ’ ಅನ್ನೋ ಅಂಕಿ ಹುಡುಕಿ. ಗಾಡಿ ಪೂರ್ತಿ ಹೋದರೆ ಲೆಕ್ಕ ಶುರುವಾಗೋದು ಅಲ್ಲಿಂದಲೇ.

ಐದು ವರ್ಷದೊಳಗಿನ ಗಾಡಿಗೆ ಈ ಐಡಿವಿ ಲೆಕ್ಕಕ್ಕೆ ನಿಗದಿಯಾದ ಪಟ್ಟಿ ಇದೆ. ನಾಲ್ಕು ವರ್ಷ ದಾಟಿ ಐದರೊಳಗೆ ಇದ್ದರೆ 50% ಸವಕಳಿ. ಐದು ವರ್ಷ ದಾಟಿದ ಮೇಲೆ ಪಟ್ಟಿ ಇಲ್ಲ. ಕಂಪನಿಯೂ ನೀವೂ ಮಾತಾಡಿಕೊಂಡು ಒಪ್ಪಿದ ಬೆಲೆಯೇ ಐಡಿವಿ. ನಮ್ಮವರು ಎಡವೋದು ಇಲ್ಲೇ. ಪ್ರೀಮಿಯಂ ಸ್ವಲ್ಪ ಕಡಿಮೆ ಆಗಲಿ ಅಂತ ರಿನ್ಯೂವಲ್ ಟೈಮಲ್ಲಿ ಏಜೆಂಟ್ ಹೇಳಿದ ಕಡಿಮೆ ಬೆಲೆಗೆ ಹ್ಞೂಂ ಅಂದಿರ್ತೀವಿ. ಆಮೇಲೆ "ಕಳಸದಲ್ಲಿ ಇದೇ ಗಾಡಿ ಎರಡು ಲಕ್ಷಕ್ಕೆ ಹೋಗುತ್ತೆ ಸ್ವಾಮಿ" ಅಂತ ಎಷ್ಟು ವಾದ ಮಾಡಿದ್ರೂ ನಡೆಯಲ್ಲ. ಐಡಿವಿಗಿಂತ ಜಾಸ್ತಿ ಕೇಳೋ ಜಗಳದಲ್ಲಿ ಟೈಮ್ ಕಳೀಬೇಡಿ.

ಅದೇ ಮಾತು ಕಂಪನಿಗೂ ಅನ್ವಯ. ಪ್ರೀಮಿಯಂ ತಗೊಳ್ಳುವಾಗ ಒಪ್ಪಿದ ಬೆಲೆಯನ್ನ ಕ್ಲೇಮ್ ಬಂದಾಗ "ಮಾರ್ಕೆಟ್ಟಲ್ಲಿ ಅಷ್ಟಿಲ್ಲ" ಅಂತ ಇಳಿಸೋ ಹಾಗಿಲ್ಲ. ಟೋಟಲ್ ಲಾಸ್ ಕ್ಲೇಮಿಗೆ ಪಾಲಿಸಿ ಅವಧಿ ಪೂರ್ತಿ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಅಂತ ಹಿಡಿಯಬೇಕು ಅಂತ 2002ರ ಮೋಟಾರ್ ಟ್ಯಾರಿಫ್ ನಿಯಮವೇ ಹೇಳುತ್ತೆ. ತಾನೇ ಒಪ್ಪಿದ ಬೆಲೆಯನ್ನ ಆಮೇಲೆ ಅಲ್ಲಗಳೆಯುವ ಕಂಪನಿಗಳ ಚಾಳಿಯನ್ನ ಸುಪ್ರೀಂ ಕೋರ್ಟ್ 2008ರಲ್ಲಿ ಓರಿಯಂಟಲ್ ಇನ್ಶೂರೆನ್ಸ್ ಪ್ರಕರಣವೊಂದರಲ್ಲಿ ಟೀಕಿಸಿದೆ.

75% ಯಾವ ಲೆಕ್ಕದ ಮೇಲೆ?

ಗಾಡಿಯನ್ನ ಎತ್ತಿ ತರೋ ಖರ್ಚು, ರಿಪೇರಿ ಖರ್ಚು ಸೇರಿ ಐಡಿವಿಯ 75% ದಾಟಿದರೆ ಅದು ಟೋಟಲ್ ಲಾಸ್. ನಿಯಮ ಇಷ್ಟೇ. ಆದರೆ ಆ ಖರ್ಚನ್ನ "ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು" ಲೆಕ್ಕ ಹಾಕಬೇಕು ಅನ್ನೋ ಮಾತೂ ಅದೇ ನಿಯಮದಲ್ಲಿದೆ. ಹಳೇ ಗಾಡಿಯವರಿಗೆ ವಾದಕ್ಕೆ ಸಿಗೋ ಗಟ್ಟಿ ಜಾಗ ಇದು.

ಒಂದು ಉದಾಹರಣೆ ತಗೊಳ್ಳೋಣ. 12 ವರ್ಷದ ಸಣ್ಣ ಕಾರು, ಐಡಿವಿ 1,40,000 ರೂ. 75% ಅಂದ್ರೆ 1,05,000. ಶೋರೂಮಿನವರ ಎಸ್ಟಿಮೇಟ್ ಹೀಗಿದೆ ಅಂತಿಟ್ಟುಕೊಳ್ಳಿ: ಕಬ್ಬಿಣದ ಭಾಗಗಳಿಗೆ 60,000, ಪ್ಲಾಸ್ಟಿಕ್ ರಬ್ಬರಿಗೆ 24,000, ಗಾಜಿಗೆ 8,000, ಲೇಬರ್ 30,000. ಒಟ್ಟು 1,22,000. ಗೆರೆ ದಾಟಿತು, ಟೋಟಲ್ ಲಾಸ್ ಅಂತಾರೆ.

ಈಗ ಪಾಲಿಸಿ ಷರತ್ತಿನ ಪ್ರಕಾರ ಸವಕಳಿ ಕಳೀರಿ. ಹತ್ತು ವರ್ಷ ದಾಟಿದ ಗಾಡಿಯ ಕಬ್ಬಿಣಕ್ಕೆ 50% (5ರಿಂದ 10 ವರ್ಷದ್ದಾದರೆ 40%), ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ 50%. ಗಾಜಿಗೂ ಲೇಬರಿಗೂ ಸವಕಳಿ ಇಲ್ಲ. 30,000, 12,000, 8,000, 30,000 ಸೇರಿ 80,000 ಆಯ್ತು. 1500 ಸಿಸಿ ಒಳಗಿನ ಗಾಡಿಗೆ ಕಡ್ಡಾಯ ಕಡಿತ 1,000 ಕಳೆದರೆ ಕಂಪನಿ ಕೊಡಬೇಕಾದ್ದು 79,000. ಗೆರೆಯಿಂದ ಎಷ್ಟೋ ಕೆಳಗೆ. "ನಿಮ್ಮ 75% ಎಸ್ಟಿಮೇಟಿನ ಮೇಲೋ, ಸರ್ವೇಯರ್ ಅಸೆಸ್ ಮಾಡಿದ ಮೊತ್ತದ ಮೇಲೋ?" ಅಂತ ಇಮೇಲಲ್ಲಿ ಕೇಳಿ. ಬಾಯಲ್ಲಿ ಕೇಳಿದರೆ ಉತ್ತರಕ್ಕೆ ದಾಖಲೆ ಇರಲ್ಲ.

ಎಸ್ಟಿಮೇಟೂ ದೇವರ ವಾಕ್ಯ ಅಲ್ಲ. ಬಾಗಿಲು ಎಳೆದು ಸರಿ ಮಾಡಬಹುದಾದ ಕಡೆ ಹೊಸ ಬಾಗಿಲು ಬರೆದಿರ್ತಾರೆ. ಊರಿನ ನಂಬಿಕಸ್ಥ ಗ್ಯಾರೇಜಿಂದ ಇನ್ನೊಂದು ಎಸ್ಟಿಮೇಟ್, ಜಿಎಸ್‌ಟಿ ನಂಬರ್ ಇರೋ ಲೆಟರ್‌ಹೆಡ್ ಮೇಲೆ ಬರೆಸಿ, ಯಾವ ಭಾಗ ರಿಪೇರಿ, ಯಾವುದು ಬದಲಿ ಅಂತ ಬಿಡಿಸಿ ಕೊಡಿ.

ನಿಜವಾಗಿ ರಿಪೇರಿಯೇ ಲಾಭವಾ?

ಇದನ್ನ ಕೇಳಿಕೊಳ್ಳದೆ ಜಗಳಕ್ಕೆ ಇಳೀಬೇಡಿ. ಮೇಲಿನ ಲೆಕ್ಕದಲ್ಲಿ ರಿಪೇರಿ ಆದರೆ ನಿಮ್ಮ ಕೈಯಿಂದ 43,000 ಹೋಗುತ್ತೆ. ಟೋಟಲ್ ಲಾಸ್ ಒಪ್ಪಿದರೆ ಪಾಲಿಸಿ ಪ್ರಕಾರ ಸಿಗೋದು ಐಡಿವಿಯಲ್ಲಿ ಜಖಂ ಗಾಡಿಯ ಬೆಲೆ ಕಳೆದು ಉಳಿದದ್ದು. ಕಂಪನಿ ಹರಾಜಿಗೆ ಹಾಕಿ, ಗುಜರಿಯವರೊಬ್ಬರು 45,000 ಕೂಗಿದರು ಅನ್ನಿ. ಕಂಪನಿಯಿಂದ 94,000 ಬರುತ್ತೆ. ಗಾಡಿ ಆ ವ್ಯಾಪಾರಿಗೆ ಕೊಟ್ಟರೆ ಅವನಿಂದ 45,000, ಒಟ್ಟು 1,39,000. ಅಥವಾ 94,000 ತಗೊಂಡು ಗಾಡಿ ನೀವೇ ಇಟ್ಟುಕೊಂಡು, ಹಳೇ ಪಾರ್ಟ್ಸ್ ಹಾಕಿಸಿ ಊರಲ್ಲೇ ರೆಡಿ ಮಾಡಿಸಬಹುದು. ಎಷ್ಟೋ ಸಲ ಇದೇ ಒಳ್ಳೇ ದಾರಿ. ಆದರೆ ಆ ಪಾಲಿಸಿ ಅಲ್ಲಿಗೆ ಮುಗೀತು, ಹೊಸ ಪಾಲಿಸಿ ಮಾಡಿಸದೆ ರಸ್ತೆಗೆ ಇಳಿಸೋ ಹಾಗಿಲ್ಲ.

ಮೋಸ ನಡೆಯೋ ಸಾಧ್ಯತೆ ಇರೋದು ಈ ಗುಜರಿ ಬೆಲೆಯಲ್ಲಿ. 45,000ದ ಬದಲು 80,000 ಅಂತ ತೋರಿಸಿದರೆ ಕಂಪನಿ ಕೊಡೋದು ಬರೀ 59,000. ಆಗ ಹೇಳಬೇಕಾದ್ದು ಒಂದೇ: "ಆ 80,000 ಕೂಗಿದವರನ್ನೇ ಕಳಿಸಿ, ದುಡ್ಡು ಕೊಟ್ಟು ಗಾಡಿ ತಗೊಂಡು ಹೋಗಲಿ." ಬಿಡ್ ಮಾಡಿದವರ ವಿವರ, ಅದು ಎಷ್ಟು ದಿನ ಊರ್ಜಿತ ಅನ್ನೋದನ್ನ ಲಿಖಿತವಾಗಿ ಕೇಳಿ. ಆ ವ್ಯಾಪಾರಿ ಬರದೇ ಹೋದರೆ ಬೆಲೆಯೇ ಸುಳ್ಳು ಅಂತಾಯ್ತು, ಮರು ಅಂದಾಜು ಕೇಳೋಕೆ ಅದೇ ಸಾಕ್ಷಿ.

ಗಾಡಿ ಕೊಡೋದಾದರೆ ದುಡ್ಡು ಬ್ಯಾಂಕಿಗೆ ಬಂದ ಮೇಲೆ ಕೊಡಿ, ಡೆಲಿವರಿ ನೋಟ್ ಬರೆಸಿಕೊಳ್ಳಿ. ಆರ್‌ಸಿ ಸುಮ್ಮನೆ ಕೈಗೆ ಹಾಕಿ ಕಳಿಸಬೇಡಿ. ಜಖಂ ಗಾಡಿಯ ಚಾಸಿಸ್ ನಂಬರ್ ಕದ್ದ ಗಾಡಿಗೆ ಹೋದರೆ ಪೊಲೀಸರು ಹುಡುಕಿಕೊಂಡು ಬರೋದು ನಿಮ್ಮ ಮನೆಗೆ. ಗಾಡಿ ಬಳಕೆಗೆ ಬಾರದಂತೆ ಪೂರ್ತಿ ಹಾಳಾಗಿದ್ದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇಟ್ಟುಕೊಂಡು ರಿಪೇರಿ ಮಾಡಿಸೋದಾದರೆ ಆರ್‌ಸಿ ರದ್ದತಿಯ ಕಾಗದಕ್ಕೆ ಸಹಿ ಹಾಕಬೇಡಿ.

ನೀರು ನುಗ್ಗಿದ ಗಾಡಿಯ ಬಗ್ಗೆ ಒಂದು ಮಾತು. ಸೆಲ್ಫ್ ಹೊಡೆದು ನೋಡೋಕೆ ಹೋಗಬೇಡಿ. ಎಂಜಿನ್ ಒಳಗೆ ನೀರಿದ್ದಾಗ ಸ್ಟಾರ್ಟ್ ಮಾಡಿ ಕನೆಕ್ಟಿಂಗ್ ರಾಡ್ ಬಗ್ಗಿದರೆ, ಅದು ನಿಮ್ಮ ತಪ್ಪಿಂದ ಆದ ನಷ್ಟ ಅಂತ ಎಂಜಿನ್ ಖರ್ಚು ಕೈಬಿಡ್ತಾರೆ. ಎಳೆಸಿಕೊಂಡೇ ಹೋಗಿ.

ಒಪ್ಪದೇ ಇದ್ದರೆ ಎಲ್ಲಿಗೆ?

ಮೊದಲ ಕೆಲಸ, ಸರ್ವೇ ರಿಪೋರ್ಟಿನ ಪ್ರತಿ ಕೇಳೋದು. ಐಆರ್‌ಡಿಎಐಯ 2024ರ ಸುತ್ತೋಲೆ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದಲ್ಲಿ ರಿಪೋರ್ಟ್, ಅದು ಬಂದ 7 ದಿನದಲ್ಲಿ ತೀರ್ಮಾನ ಆಗಬೇಕು. ಸರ್ವೇಯರ್ ಬರೆದದ್ದೇ ಕೊನೇ ಮಾತು ಅಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಪ್ರಕರಣದಲ್ಲಿ ಹೇಳಿದೆ.

ಕಂಪನಿಯ ಗ್ರೀವೆನ್ಸ್ ಅಧಿಕಾರಿಗೆ ಲಿಖಿತ ದೂರು ಕೊಡಿ. ಜೊತೆಗೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲಲ್ಲಿ, ಇಲ್ಲಾ 155255ಕ್ಕೆ ಫೋನ್ ಮಾಡಿ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿರೋ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಹೋಗಬಹುದು. ಫೀಸ್ ಇಲ್ಲ, ವಕೀಲರು ಬೇಡ, ಆನ್‌ಲೈನಲ್ಲೇ ದೂರು ಹಾಕಬಹುದು. ಅಲ್ಲಿನ ಆದೇಶ ಕಂಪನಿಗೆ ಕಡ್ಡಾಯ.

ಇನ್ನೊಂದು ದಾರಿ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರೋ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಕಂಪನಿ ಆಫೀಸ್ ಮುಂಬೈಯಲ್ಲಿದ್ದರೂ ಸರಿ. ಎರಡು ವರ್ಷದೊಳಗೆ ಹಾಕಬೇಕು. ಕಟ್ಟಿದ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಫೀಸ್ ಇಲ್ಲ, ಹಳೇ ಕಾರಿನವರೆಲ್ಲ ಇದರೊಳಗೇ ಬರ್ತೀವಿ. ಕಳಸ, ಹೊರನಾಡು ಕಡೆಯವರಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರೋದೇ ಒಂದು ದಿನದ ಕೆಲಸ, ಹಾಗಾಗಿ ಮೊದಲು ಒಂಬುಡ್ಸ್‌ಮನ್ ದಾರಿ ನೋಡೋದು ವಾಸಿ. ಕೇಸ್ ನಡೀತಿದ್ದಾಗ ಮಾತ್ರ ಒಂಬುಡ್ಸ್‌ಮನ್ ಅದೇ ವಿಷಯ ಎತ್ತಿಕೊಳ್ಳೋದಿಲ್ಲ.

ಇದೆಲ್ಲ ನಡೆಯುವಾಗ ಗಾಡಿ ಗ್ಯಾರೇಜಲ್ಲೇ ನಿಂತಿದ್ದರೆ ದಿನಕ್ಕೆ ಇಷ್ಟು ಅಂತ ಪಾರ್ಕಿಂಗ್ ಚಾರ್ಜ್ ಏರ್ತಾ ಇರುತ್ತೆ, ಅದು ಕಟ್ಟಬೇಕಾದ್ದು ನೀವೇ. ಸರ್ವೇ ಮುಗಿದು ಫೋಟೋ ತೆಗೆದಾದ ಮೇಲೆ, ಕಂಪನಿಗೆ ಒಂದು ಇಮೇಲ್ ಹಾಕಿ, ಗಾಡಿಯನ್ನ ಮನೆಯಂಗಳಕ್ಕೆ ಎಳೆಸಿಕೊಳ್ಳಿ. ದುಡ್ಡಿನ ಅವಸರಕ್ಕೆ ವೋಚರಿಗೆ ಸಹಿ ಹಾಕಲೇಬೇಕಾದ ಪರಿಸ್ಥಿತಿ ಇದ್ದರೆ, ಸಹಿಯ ಮೇಲೆ "ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ" ಅಂತ ಕೈಯಲ್ಲಿ ಬರೆದು, ಅದರ ಫೋಟೋ ಮೊಬೈಲಲ್ಲಿ ಇಟ್ಟುಕೊಳ್ಳಿ.