ಕಡಲ್ಕೊರೆತ: ಜೂನ್‌ನಲ್ಲಿ ಬರುವ ಬಂಡೆಕಲ್ಲು, ಜನವರಿಯಲ್ಲಿ ಕೇಳಬೇಕಾದ ಪ್ರಶ್ನೆ

ಮುಂಗಾರು ಜೋರಾದ ಕೂಡಲೇ ಉಳ್ಳಾಲದಿಂದ ಸುದ್ದಿ ಬರುತ್ತದೆ. ಮೊಗವೀರಪಟ್ಣ, ಕೈಕೊ, ಸೀಗ್ರೌಂಡ್, ಸೋಮೇಶ್ವರ ಉಚ್ಚಿಲ, ಬಟ್ಟಪ್ಪಾಡಿ. ಊರಿನ ಹೆಸರು ಬದಲಾಗುತ್ತದೆ, ಫೋಟೊ ಮಾತ್ರ ಒಂದೇ: ಬೇರು ಹೊರಬಿದ್ದ ತೆಂಗಿನಮರ, ಅರ್ಧಕ್ಕೆ ತುಂಡಾದ ರಸ್ತೆ, ನೀರಿಗೆ ಮುಖ ಮಾಡಿ ನಿಂತ ಮನೆ. ಜನಪ್ರತಿನಿಧಿಗಳು ಬರುತ್ತಾರೆ, ಅಧಿಕಾರಿಗಳು ಬರುತ್ತಾರೆ, ಟಿಪ್ಪರ್‌ನಲ್ಲಿ ಬಂಡೆಕಲ್ಲು ಬರುತ್ತದೆ. ಮಳೆ ಬಿಟ್ಟ ಮೇಲೆ ಯಾರೂ ಬರಲ್ಲ.

ಇದನ್ನು 'ಪ್ರಕೃತಿ ವಿಕೋಪ' ಅಂತ ಬರೆದು ಮುಗಿಸುವುದು ಸುಲಭ. ಆದರೆ ನನ್ನ ಪ್ರಕಾರ ಇದು ಮೊದಲು ಆಡಳಿತದ ಪ್ರಶ್ನೆ. ದಂಡೆಯ ಮೇಲೆ ಎಲ್ಲಿ ಏನು ಕಟ್ಟಬೇಕು, ಯಾರಿಗೆ ದುಡ್ಡು ಸಿಗಬೇಕು ಎನ್ನುವುದು ಮಳೆಗಾಲದಲ್ಲಿ ತೀರ್ಮಾನ ಆಗುವುದಿಲ್ಲ. ಅದು ಒಣ ದಿನಗಳಲ್ಲಿ, ನಕ್ಷೆಗಳ ಮೇಲೆ, ಹೆಚ್ಚಿನವರು ಹೆಸರೇ ಕೇಳಿರದ ಸಮಿತಿಗಳಲ್ಲಿ ಆಗುತ್ತದೆ. ಆ ಜಾಗಗಳು ಯಾವುವು, ಅಲ್ಲಿ ನಮಗೆ ಏನು ಹಕ್ಕಿದೆ ಎಂದು ಒಂದೇ ಕಡೆ ಸಿಗಲಿ ಅಂತ ಈ ಬರಹ.

ಕಡಲು ಯಾಕೆ ಕೊರೆಯುತ್ತೆ?

ದಂಡೆ ಅಂದ್ರೆ ನಿಂತ ನೆಲ ಅಲ್ಲ, ಓಡಾಡುವ ಮರಳು. ಮಳೆಗಾಲದ ದೊಡ್ಡ ಅಲೆಗಳು ಮರಳನ್ನು ಒಳಗೆ ಎಳೆದೊಯ್ಯುತ್ತವೆ, ಉಳಿದ ತಿಂಗಳುಗಳ ಶಾಂತ ಅಲೆಗಳು ವಾಪಸ್ ತಂದು ಹಾಕುತ್ತವೆ. ಇದರ ಜೊತೆಗೆ ಮರಳು ದಡದ ಉದ್ದಕ್ಕೂ ಉತ್ತರ–ದಕ್ಷಿಣವಾಗಿ ಸರಿಯುತ್ತಲೂ ಇರುತ್ತದೆ. ಹೊಸ ಮರಳು ಕೊಡುವುದು ನದಿಗಳು.

ಈ ಲೆಕ್ಕಾಚಾರಕ್ಕೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ನದಿಗೆ ಅಣೆಕಟ್ಟು ಕಟ್ಟಿ, ಮರಳು ತೆಗೆದರೆ ಕಡಲಿಗೆ ಬರುವ ಪಾಲು ಕಡಿಮೆ. ಅಳಿವೆಬಾಗಿಲಿನಲ್ಲಿ ಬ್ರೇಕ್‌ವಾಟರ್ ಕಟ್ಟಿದರೆ ಮರಳು ಒಂದು ಬದಿಯಲ್ಲಿ ತುಂಬುತ್ತದೆ, ಇನ್ನೊಂದು ಬದಿ ಸವೆಯುತ್ತದೆ. ನೇತ್ರಾವತಿ–ಗುರುಪುರ ನದಿಗಳು ಕಡಲು ಸೇರುವಲ್ಲಿ, ಮೀನುಗಾರಿಕಾ ದೋಣಿಗಳ ದಾರಿ ಮುಚ್ಚಬಾರದೆಂದು 1990ರ ದಶಕದಲ್ಲಿ ಬ್ರೇಕ್‌ವಾಟರ್ ಕಟ್ಟಲಾಯಿತು. ಅದರ ದಕ್ಷಿಣಕ್ಕಿರುವುದೇ ಉಳ್ಳಾಲ. ದೋಣಿಗೆ ದಾರಿಯೂ ಬೇಕಿತ್ತು, ಮನೆಯೂ ಉಳಿಯಬೇಕಿತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಜನೆ ಮಾಡುವುದು ಸರ್ಕಾರದ ಕೆಲಸ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಚಿತ್ರಗಳನ್ನು ಹೋಲಿಸಿ ನೋಡಿದೆ. ಅದರ ಪ್ರಕಾರ ಕರ್ನಾಟಕದ ದಂಡೆಯಲ್ಲಿ ಕೊರೆತಕ್ಕೆ ಸಿಕ್ಕಿರುವುದು ಹೆಚ್ಚುಕಮ್ಮಿ ನಾಲ್ಕನೇ ಒಂದು ಭಾಗ. ಹೆಚ್ಚುಕಮ್ಮಿ ಅಷ್ಟೇ ಭಾಗದಲ್ಲಿ ದಂಡೆ ಬೆಳೆದಿದೆ. ಅಂದ್ರೆ ಕಡಲು ಎಲ್ಲ ಕಡೆಯೂ ಒಂದೇ ಸಮ ನುಗ್ಗುತ್ತಿಲ್ಲ. ಎಲ್ಲಿ ಕೊರೆಯುತ್ತಿದೆ, ಯಾಕೆ ಎಂದು ಜಾಗ ಜಾಗದ ಉತ್ತರ ಬೇಕು.

ಕಲ್ಲು ಹಾಕಿದರೆ ಸಾಕಾಗಲ್ವಾ?

ತುರ್ತಿಗೆ ಬೇಕು. ಮನೆ ಬೀಳುವಾಗ ಕಲ್ಲು ಬೇಡ ಅನ್ನಲು ಯಾರಿಗೂ ಬಾಯಿ ಬರಲ್ಲ, ನನಗೂ ಬರಲ್ಲ. ಆದರೆ ಗೋಡೆ ತನ್ನ ಹಿಂದಿನ ಜಾಗವನ್ನು ಕಾಯುತ್ತದೆಯೇ ಹೊರತು ಮುಂದಿನ ಮರಳನ್ನಲ್ಲ. ಅಲೆ ಕಲ್ಲಿಗೆ ಬಡಿದು ಬುಡದ ಮರಳನ್ನು ತೋಡುತ್ತದೆ, ಕಲ್ಲು ಕುಸಿಯುತ್ತದೆ, ಮತ್ತೆ ಟೆಂಡರ್. ಗೋಡೆ ಮುಗಿದ ಕಡೆಯಿಂದ ಪಕ್ಕದ ಊರಿನ ಕೊರೆತ ಶುರು.

ಉಳ್ಳಾಲದಲ್ಲಿ ಇದಕ್ಕಿಂತ ದೊಡ್ಡ ಪ್ರಯತ್ನವೂ ಆಗಿದೆ. 2010ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಒಪ್ಪಿದ ಸಾಲದ ಯೋಜನೆಯಡಿ ಕಡಲೊಳಗೆ ರೀಫ್, ದಡದ ಬಳಿ ಬರ್ಮ್‌ಗಳು ಬಂದವು. ಕಾಮಗಾರಿ ನಡೆದ ಭಾಗದಲ್ಲಿ ಸ್ವಲ್ಪ ತಡೆ ಸಿಕ್ಕಿತು. ಆಮೇಲೆ ಸುದ್ದಿ ಹೆಚ್ಚಾಗಿ ಬಂದಿದ್ದು ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ ಕಡೆಯಿಂದ. ಆದ್ದರಿಂದ ಯಾವುದೇ ತಡೆ ಕಾಮಗಾರಿಗೆ ಮೊದಲ ಪ್ರಶ್ನೆ: ಇದರಿಂದ ಪಕ್ಕದ ಊರಿಗೆ ಏನಾಗುತ್ತೆ, ಅಧ್ಯಯನ ಎಲ್ಲಿದೆ?

ಸಿಆರ್‌ಝಡ್ ನಿಮ್ಮ ಮನೆಗೆ ಹೇಗೆ ತಾಗುತ್ತೆ?

ಪರಿಸರ ಸಂರಕ್ಷಣಾ ಕಾಯ್ದೆ 1986ರ ಅಡಿಯಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೇ ಸಿಆರ್‌ಝಡ್. ಮೊದಲನೆಯದು 1991, ಎರಡನೆಯದು 2011, ಈಗಿನದು 2019. ಭರತದ ಗೆರೆಯಿಂದ ಒಳಕ್ಕೆ 500 ಮೀಟರ್ ಇದರ ವ್ಯಾಪ್ತಿ. ಕಡಲಿನ ಏರಿಳಿತ ತಾಗುವ ನದಿ, ಹೊಳೆಗಳ ದಡದಲ್ಲಿ 2011ರಲ್ಲಿ 100 ಮೀಟರ್ ಇದ್ದದ್ದು 2019ರಲ್ಲಿ 50 ಮೀಟರ್‌ಗೆ ಇಳಿಯಿತು. ಹೊಳೆಯ ಅಗಲ ಅದಕ್ಕಿಂತ ಕಡಿಮೆ ಇದ್ದರೆ ಆ ಅಗಲವೇ ಮಿತಿ.

2019ರ ಇನ್ನೊಂದು ದೊಡ್ಡ ಬದಲಾವಣೆ ಗ್ರಾಮೀಣ ದಂಡೆಯದು. 2011ರ ಜನಗಣತಿಯಂತೆ ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನ ಇರುವಲ್ಲಿ, ಹೊಸ ನಕ್ಷೆಗೆ ಒಪ್ಪಿಗೆ ಸಿಕ್ಕಿದ ಮೇಲೆ, ನಿರ್ಮಾಣ ನಿಷೇಧಿತ ಪಟ್ಟಿ 50 ಮೀಟರ್ ಮಾತ್ರ. ಅದಕ್ಕಿಂತ ಕಡಿಮೆ ಜನ ಇದ್ದರೆ ಹಿಂದಿನ ಹಾಗೆ 200 ಮೀಟರ್. ಪೀಳಿಗೆಗಳಿಂದ ಅಲ್ಲೇ ಇರುವ ಮೀನುಗಾರ ಕುಟುಂಬಕ್ಕೆ ಮನೆ ಕಟ್ಟಿಕೊಳ್ಳಲು ಸ್ವಲ್ಪ ಸಡಿಲಿಕೆ ನ್ಯಾಯವೇ. ಆದರೆ ಅದೇ ಬಾಗಿಲಿನಿಂದ ರೆಸಾರ್ಟ್ ಕೂಡ ಒಳಗೆ ಬರಬಹುದು ಅನ್ನೋದು ನನ್ನ ಆತಂಕ.

ಕೊರೆತ, ಪ್ರವಾಹದ ಅಪಾಯ ಎಲ್ಲಿಯವರೆಗೆ ಎಂದು ತೋರಿಸುವ 'ಹಜಾರ್ಡ್ ಲೈನ್' ಎಂಬ ಗೆರೆಯೂ ಇದೆ. 2019ರ ಅಧಿಸೂಚನೆಯಲ್ಲಿ ಅದು ವಿಪತ್ತು ನಿರ್ವಹಣೆಗೆ ಬಳಸುವ ಸಾಧನ ಮಾತ್ರ. ಕಟ್ಟಡಕ್ಕೆ ಮಿತಿ ಹಾಕುವ ಗೆರೆ ಅಲ್ಲ. ಅಪಾಯ ಗೊತ್ತು, ಆದರೆ ಅದು ಯಾರನ್ನೂ ತಡೆಯುವುದಿಲ್ಲ.

ಪರಿಹಾರ ಯಾಕೆ ಸಿಗಲ್ಲ?

ವಿಪತ್ತು ನಿಧಿಯಿಂದ ನೆರವು ಸಿಗುವುದು ಕೇಂದ್ರ ಪಟ್ಟಿ ಮಾಡಿದ ವಿಪತ್ತುಗಳಿಗೆ. ಚಂಡಮಾರುತ, ನೆರೆ, ಸುನಾಮಿ, ಭೂಕುಸಿತ, ಬೆಂಕಿ, ಬರ ಇತ್ಯಾದಿ ಅಲ್ಲಿವೆ. ಕಡಲ್ಕೊರೆತ ಇಲ್ಲ. ನದಿ ದಾರಿ ಬದಲಿಸಿ ಸಣ್ಣ ರೈತನ ಜಮೀನು ಹೋದರೆ ಹೆಕ್ಟೇರ್ ಲೆಕ್ಕದಲ್ಲಿ ನೆರವು ಕೊಡುವ ಸಾಲು ಆ ಮಾರ್ಗಸೂಚಿಯಲ್ಲಿದೆ. ಕಡಲು ನುಂಗಿದ ಐದು ಸೆಂಟ್ಸ್ ಮನೆ ಜಾಗಕ್ಕೆ ಅಂಥ ಸಾಲಿಲ್ಲ. ಕೊರೆತ ನಿಧಾನವಾಗಿ ಬರುತ್ತೆ: ಒಂದು ವರ್ಷ ಅಂಗಳ, ಮುಂದಿನ ವರ್ಷ ಬಾವಿ, ಆಮೇಲೆ ಅಡುಗೆಕೋಣೆ. ಒಂದು ದಿನಾಂಕಕ್ಕೆ ಕಟ್ಟಿಹಾಕಲು ಆಗದ ನಷ್ಟ ಸರ್ಕಾರಿ ಫಾರಂನಲ್ಲಿ ಕೂರುವುದಿಲ್ಲ.

ದಾರಿಯೇ ಇಲ್ಲ ಅಂತಲ್ಲ. ರಾಜ್ಯ ಸರ್ಕಾರ ತಾನೇ ಗುರುತಿಸಿದ ಸ್ಥಳೀಯ ವಿಪತ್ತಿಗೆ ರಾಜ್ಯ ವಿಪತ್ತು ನಿಧಿಯ ಶೇ. 10ರವರೆಗೆ ಬಳಸಬಹುದು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ನದಿ ಮತ್ತು ಕಡಲ ಕೊರೆತ ತಗ್ಗಿಸಲು 1,500 ಕೋಟಿ ರೂಪಾಯಿ, ಕೊರೆತದಿಂದ ಜಾಗ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಇದು ಇಡೀ ದೇಶಕ್ಕೆ. ಇದರಲ್ಲಿ ನಮ್ಮ ರಾಜ್ಯ ಎಷ್ಟು ಕೇಳಿತು, ಎಷ್ಟು ತಂದಿತು ಎಂದು ಕರಾವಳಿಯ ಪ್ರತಿ ಶಾಸಕ, ಸಂಸದರನ್ನೂ ಕೇಳಬಹುದು.

ಒಂದೇ ದಂಡೆ, ಮೂರು ಆಡಳಿತ

ಉಳ್ಳಾಲದಿಂದ ದಂಡೆ ಹಿಡಿದು ಕೇರಳ ಗಡಿಯತ್ತ ಹೊರಟರೆ ನಗರಸಭೆ, ಪುರಸಭೆ, ಗ್ರಾಮ ಪಂಚಾಯತ್ ಮೂರೂ ಸಿಗುತ್ತವೆ. ಕಡಲಿಗೆ ಈ ಗಡಿ ಗೊತ್ತಿಲ್ಲ. ತಡೆಗೋಡೆ ಬಂದರು ಇಲಾಖೆಯದು, ಪರಿಹಾರ ಕಂದಾಯ ಇಲಾಖೆಯದು, ಸಿಆರ್‌ಝಡ್ ಅನುಮತಿ ಪರಿಸರ ಇಲಾಖೆಯದು, ರಸ್ತೆ, ಚರಂಡಿ ಸ್ಥಳೀಯ ಸಂಸ್ಥೆಯದು. ಒಂದು ಕಚೇರಿಯಲ್ಲಿ ವಿಚಾರಿಸಿದಾಗ ನನಗೆ ಸಿಕ್ಕ ಉತ್ತರ, 'ಅದು ನಮ್ಮದಲ್ಲ ಮಾರಾಯ್ರೆ, ಅವರದ್ದು.' ಅವರನ್ನು ಕೇಳಿದರೆ ಇವರದ್ದು.

ಮಾತಾಡುವ ಹಕ್ಕೂ ಒಂದೇ ಸಮ ಇಲ್ಲ. ಪಂಚಾಯತ್ ವ್ಯಾಪ್ತಿಯಲ್ಲಿದ್ದರೆ ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಮಂಗಳೂರಿನಂಥ ಮಹಾನಗರ ಪಾಲಿಕೆಯಲ್ಲಿ ವಾರ್ಡ್ ಸಮಿತಿಗೆ ಕಾನೂನಿದೆ. ಆದರೆ ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಊರಿಗೆ. 2011ರಲ್ಲಿ ಸುಮಾರು 54 ಸಾವಿರ ಜನ ಇದ್ದ ಉಳ್ಳಾಲ ಆ ಕಡ್ಡಾಯದ ಹೊರಗೆ. ಪಂಚಾಯತ್ ಹೋಗಿ ಪುರಸಭೆ ಬಂದಾಗ ನಾವು ಸಿಹಿ ಹಂಚುತ್ತೇವೆ. ಗ್ರಾಮ ಸಭೆ ಕೈತಪ್ಪಿತು ಅಂತ ಯಾರೂ ಹೇಳಲ್ಲ.

ಹಾಗಾದ್ರೆ ಈಗ ಏನು ಮಾಡಬಹುದು?

ನಕ್ಷೆ ನೋಡಿ. ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆ 1:25,000 ಅಳತೆಯದು. ಅದರಲ್ಲಿ ನಿಮ್ಮ ಮನೆ ಹುಡುಕೋದು ಕಷ್ಟ. ಸ್ಥಳೀಯ ಸಂಸ್ಥೆಗಳ ಬಳಕೆಗೆಂದು 1:3,960 ಅಳತೆಯ, ಸರ್ವೆ ನಂಬರ್ ಮಟ್ಟದ ನಕ್ಷೆ ಇರಬೇಕು ಎಂದು ಅಧಿಸೂಚನೆಯೇ ಹೇಳುತ್ತದೆ. ನಿಮ್ಮ ಪಂಚಾಯತ್, ಪುರಸಭೆಯಲ್ಲಿ ಅದನ್ನು ಕೇಳಿ.

ಜಿಲ್ಲಾ ಸಮಿತಿಯಲ್ಲಿ ಯಾರಿದ್ದಾರೆ ಕೇಳಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಿಆರ್‌ಝಡ್ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯದ ಕನಿಷ್ಠ 3 ಮಂದಿ ಪ್ರತಿನಿಧಿಗಳು ಇರಬೇಕು. ಅವರ ಹೆಸರು, ಸಭೆಯ ನಡಾವಳಿ ಸಾರ್ವಜನಿಕರಿಗೆ ಸಿಗಬೇಕಾದ ಮಾಹಿತಿ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕರ್ನಾಟಕದಲ್ಲಿ 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಉತ್ತರಕ್ಕೆ 30 ದಿನ. ಕಳೆದ ಐದು ವರ್ಷ ನಿಮ್ಮ ವಾರ್ಡಿನ ದಂಡೆಗೆ ಎಷ್ಟು ಲೋಡ್ ಕಲ್ಲು ಬಿತ್ತು, ಎಷ್ಟು ಬಿಲ್ ಆಯಿತು ಎಂದು ಒಂದು ಅರ್ಜಿ. ಆ ಕಾಮಗಾರಿಗೆ ಯಾವ ಅಧ್ಯಯನ ಆಧಾರ ಎಂದು ಇನ್ನೊಂದು.

ದಾಖಲೆ ನೀವೇ ಮಾಡಿ. ಪ್ರತಿ ತಿಂಗಳು ಒಂದೇ ಜಾಗದಲ್ಲಿ ನಿಂತು, ಒಂದೇ ಮರವನ್ನೋ ಕಂಬವನ್ನೋ ಗುರುತಿಗೆ ಇಟ್ಟುಕೊಂಡು, ದಿನಾಂಕ ಸಮೇತ ಫೋಟೊ ತೆಗೆಯಿರಿ. ನಿಧಾನದ ನಷ್ಟಕ್ಕೆ ದಿನಾಂಕ ಕೊಡುವ ಸುಲಭದ ದಾರಿ ಇದು.

ಮನೆ ಬಿಟ್ಟು ಹೋಗಬೇಕೋ ಬೇಡವೋ ಎಂಬುದನ್ನು ಅಲ್ಲಿರುವವರೇ ಹೇಳಬೇಕು. ಕಡಲಿನಿಂದ ದೂರ ಹೋದ ಮೀನುಗಾರನಿಗೆ ಮನೆ ಸಿಗಬಹುದು, ಕಸುಬು ಸಿಗಲಿಕ್ಕಿಲ್ಲ. ಆದರೆ ಆ ಮಾತುಕತೆ ಮಳೆ ಸುರಿಯುವ ರಾತ್ರಿ, ಕಾಳಜಿ ಕೇಂದ್ರದ ಚಾಪೆ ಮೇಲೆ ನಡೆಯಬಾರದು. ಜನವರಿಯಲ್ಲಿ, ನಕ್ಷೆ ಮುಂದಿಟ್ಟುಕೊಂಡು, ಮೂರೂ ಸ್ಥಳೀಯ ಸಂಸ್ಥೆಗಳ ಜನ ಒಟ್ಟಿಗೆ ಕೂತು ನಡೆಯಬೇಕು. ಸರ್ಕಾರ ಆ ಸಭೆ ಕರೆಯದಿದ್ದರೆ ನಾವೇ ಕರೆಯೋಣ.