ಹದಿಹರೆಯದವರಿಗೆ ಲೈಂಗಿಕ ಆರೋಗ್ಯ ಶಿಕ್ಷಣ: ಗಡಿನಾಡ ಶಾಲೆಗಳು ತಿಳಿದಿರಬೇಕಾದುದು

ದೇಹದ ಬೆಳವಣಿಗೆ, ಋತುಚಕ್ರ, ಸಂತಾನೋತ್ಪತ್ತಿ, ಎಚ್‌ಐವಿ ಮೊದಲಾದ ಸೋಂಕುಗಳ ತಡೆ, ದೌರ್ಜನ್ಯದಿಂದ ರಕ್ಷಣೆ ಇವುಗಳನ್ನು ವಯಸ್ಸಿಗೆ ತಕ್ಕಂತೆ ತಿಳಿಸುವ ಬೋಧನೆಯನ್ನು ಲೈಂಗಿಕ ಆರೋಗ್ಯ ಶಿಕ್ಷಣವೆನ್ನುತ್ತೇವೆ. ಬಾಲ್ಯವಿವಾಹದ ಭೀತಿಯಲ್ಲಿರುವ, ಶಾಲೆ ಬಿಡುವ ಅಂಚಿನಲ್ಲಿರುವ, ಹೆತ್ತವರು ದುಡಿಮೆಗೆ ವಲಸೆ ಹೋದಾಗ ಊರಲ್ಲೇ ಉಳಿಯುವ ಮಕ್ಕಳಿಗೆ ಇದರ ಅಗತ್ಯ ಹೆಚ್ಚು.

ನಡೆದು ಬಂದ ದಾರಿ

ಕೇಂದ್ರ ಸರ್ಕಾರವು 2005ರಲ್ಲಿ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. 2007ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. 10ರಿಂದ 19 ವರ್ಷದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಜಾರಿಗೆ ಬಂದಿತು. ಆಯುಷ್ಮಾನ್ ಭಾರತದ ಅಡಿಯಲ್ಲಿ 2020ರಲ್ಲಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮವು 11 ವಿಷಯಗಳನ್ನು ಒಳಗೊಂಡಿದೆ. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದರೆ ಒಬ್ಬ ಶಿಕ್ಷಕಿ ಹಾಗೂ ಒಬ್ಬ ಶಿಕ್ಷಕರಿಗೆ, ತರಬೇತಿ ನೀಡಬೇಕೆನ್ನುತ್ತದೆ.

ಕಾನೂನಿನ ಕರ್ತವ್ಯ

18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದರೆ ಪೊಲೀಸರಿಗೆ ವರದಿ ಮಾಡುವುದು 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ ಕಡ್ಡಾಯ. ಶಿಕ್ಷಕರೂ ಇದಕ್ಕೆ ಹೊರತಲ್ಲ. ದೂರು ದಾಖಲಿಸುವ ಭಾಷೆ ಮಗುವಿಗೆ ತಿಳಿಯದಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕೆಂದೂ ಅದೇ ಕಲಮು ವಿಧಿಸುತ್ತದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಭಾಷೆಯ ಪ್ರಶ್ನೆ

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ಪ್ರಾಥಮಿಕ ಹಂತಕ್ಕೆ ಮಾತ್ರ ಹೇಳುತ್ತದೆ. ಹದಿಹರೆಯದ ಪಾಠಗಳು ಆರಂಭವಾಗುವುದು ಆರನೆಯ ತರಗತಿಯಿಂದ. ಮಾತೃಭಾಷೆಯ ಆಸರೆ ಸಡಿಲಗೊಳ್ಳುವ ಹೊತ್ತಿಗೇ ಅದರ ಅಗತ್ಯ ಹೆಚ್ಚುತ್ತದೆ. ಮರಾಠಿಯಲ್ಲೋ ಮಲಯಾಳದಲ್ಲೋ ತಮಿಳಿನಲ್ಲೋ ಕಲಿತ ಪದವನ್ನು ಮಗು ಪರೀಕ್ಷೆಯಲ್ಲಿ ಬರೆದೀತು. ತನಗಾದ ನೋವನ್ನು ಹೇಳಿಕೊಳ್ಳಲು ಮನೆಮಾತೇ ಬೇಕು. ಮನೆಯಲ್ಲಿ ‘ಹೊರಗಾಗುವುದು’ ಎಂದಷ್ಟೇ ಕೇಳಿದ ಬಾಲಕಿಗೆ ಮುಟ್ಟು, ಗರ್ಭಕೋಶ, ಸೋಂಕು ಎಂಬ ಮಾತುಗಳನ್ನು ಸಂಕೋಚವಿಲ್ಲದೆ ಕಲಿಸುವವರು ಶಾಲೆಯಲ್ಲಿರಬೇಕು.

ಆದುದರಿಂದ ಅಕ್ಕಲಕೋಟೆ, ಜತ್ತದಿಂದ ಕಾಸರಗೋಡಿನವರೆಗಿನ ಪಾಲಕರು ಮುಖ್ಯೋಪಾಧ್ಯಾಯರಲ್ಲಿ ಮೂರು ಪ್ರಶ್ನೆಗಳನ್ನು ಕೇಳಬೇಕೆಂಬುದು ನಮ್ಮ ಸೂಚನೆ: ತರಬೇತಿ ಪಡೆದ ಇಬ್ಬರು ಶಿಕ್ಷಕರು ಯಾರು? ಅವರಲ್ಲಿ ಕನ್ನಡ ಬಲ್ಲವರಿದ್ದಾರೆಯೇ? ಪಾಠದ ಕೈಪಿಡಿ ಕನ್ನಡದಲ್ಲಿ ದೊರೆತಿದೆಯೇ? ಪೊಲೀಸ್ ಠಾಣೆಯಲ್ಲಿ ಮಗುವಿಗೆ ತಿಳಿಯುವ ಭಾಷೆಯನ್ನು ಕಾನೂನು ಖಚಿತಪಡಿಸಿದೆ. ಆ ಮಗು ಠಾಣೆಯ ಮೆಟ್ಟಿಲೇರುವ ಸ್ಥಿತಿ ಬಾರದಂತೆ ತಡೆಯಬಲ್ಲ ತರಗತಿಯಲ್ಲಿಯೂ ಆ ಭಾಷೆ ಇರಬೇಕು.